ತೊಗರಿ ಕಾಳಿನಷ್ಟು ಎತ್ತರ

ಹೋದ ವಾರ ಶಹಾಬಾದಿನಲ್ಲಿ ಇಬ್ರಾಹಿಂ ಚಾಚಾ ಅವರ ಕುಲುಮೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಆ ವಾಸನೆ ಬಂತು. ಬಿಸಿ ಕಬ್ಬಿಣವನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿದಾಗ ಏಳುವ ಹೊಗೆಯ ವಾಸನೆ. ಒಗ್ಗರಣೆ ಸೀದಂತೆ ಶುರುವಾಗಿ, ಗಂಟಲಿಗೆ ಇಳಿಯುವಷ್ಟರಲ್ಲಿ ರೈಲಿನ ಬ್ರೇಕಿನ ವಾಸನೆಯಾಗುತ್ತದೆ. ನನ್ನ ಚೀಲದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಕಬ್ಬಿಣದ ಪಟ್ಟಿ ಇತ್ತು. ಒಂದು ಗೇಣು ಉದ್ದ, ಎರಡು ಬೆರಳಗಲ, ಎರಡೂ ತುದಿಗೆ ಒಂದೊಂದು ತೂತು. ಅದನ್ನು ತೋರಿಸಿ, ಇನ್ನೊಂದು ಮಳೆಗಾಲ ತಡೆದೀತೋ ಇಲ್ಲವೋ ಕೇಳಿಕೊಂಡು ಬಾ ಎಂದು ಶರಣಪ್ಪಣ್ಣ ನನ್ನನ್ನು ಕಳಿಸಿದ್ದ. ಕೇಳುವುದನ್ನು ಬಿಟ್ಟು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎರಡು ವರ್ಷದ ಹಿಂದಿನ ಮಳೆಗಾಲ ಇಡಿಯಾಗಿ ಮೂಗಿನೊಳಗೆ ಬಂದಿತ್ತು.

ಆ ಮಳೆಗಾಲದ ವಹಿ ಈಗಲೂ ನನ್ನ ಬಳಿ ಇದೆ. ಎಡಕ್ಕೆ ತಾರೀಖು, ಬಲಕ್ಕೆ ಎಣಿಕೆ. ಚಿತ್ತಾಪುರದ ಮನೆಯಲ್ಲಿ ಇದು ಚಿಕ್ಕಂದಿನಿಂದ ನನಗಂಟಿದ ರೂಢಿ. ಓದು ಮುಗಿಸಿ ಕುಂಚಾವರಂ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಔಷಧಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಆ ರೂಢಿಗೇ ಸಂಬಳ ಸಿಕ್ಕಂತಾಯಿತು. ಲಸಿಕೆಯ ಫ್ರಿಜ್ಜಿನ ಉಷ್ಣತೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆಯಬೇಕು. ಗುರುವಾರ ಲಸಿಕೆಯ ಪೆಟ್ಟಿಗೆ ಹೊರಡುವಾಗ ಎಷ್ಟು ಸೀಸೆ, ಬಂದಾಗ ಎಷ್ಟು ಸೀಸೆ ಬರೆಯಬೇಕು. ಹಿರಿಯ ನರ್ಸು ಪಾರ್ವತಿಬಾಯಿ ಸೂಜಿ ಹಾಕುತ್ತಿದ್ದರು, ನಾನು ಪೆಟ್ಟಿಗೆ ಹಿಡಿದು ಲೆಕ್ಕ ಬರೆಯುತ್ತಿದ್ದೆ. ನಮ್ಮಿಬ್ಬರನ್ನು ಒಯ್ಯುತ್ತಿದ್ದವನು ಸೇಡಂನ ಶರಣಪ್ಪಣ್ಣ. ಅವನ ಜೀಪು ಅವನ ಅಪ್ಪನ ಕಾಲದ್ದು. ನಾಲ್ಕೂ ಗಾಲಿಗೆ ಎಂಜಿನಿನ ಬಲ ಹೋಗುವಂಥದ್ದು. ಕಾಡಿನ ದಾರಿಗೆ ಅದೊಂದೇ ಸೈ.

ಪ್ರತಿ ತಿಂಗಳ ಎರಡನೆಯ ಗುರುವಾರ ನಮ್ಮ ಸರದಿ ಹುಣಸಿಗಡ್ಡಿ ತಾಂಡಾಕ್ಕೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಹಳ್ಳದ ನಡುವೆ, ನೀರು ಹರಿಯುವ ಉದ್ದಕ್ಕೆ, ದಾರಿಗೆ ಅಡ್ಡವಾಗಿ ಒಂದು ಹಾಸುಗಲ್ಲಿನ ಅಂಚು. ಅದರ ಮೇಲೆ, ಆಚೆ ಈಚೆ ಮೊದಲೆಲ್ಲ ಗರಸು ಮಣ್ಣು ತುಂಬಿಕೊಂಡಿರುತ್ತಿತ್ತು, ಜೀಪು ಎತ್ತಿನಗಾಡಿಯಂತೆ ಸಲೀಸಾಗಿ ದಾಟುತ್ತಿತ್ತು. ಆ ವರ್ಷ ಜೂನ್ ಕೊನೆಗೆ ಬಂದ ಒಂದೇ ಮಳೆ ಗರಸನ್ನೆಲ್ಲ ಗುಡಿಸಿಕೊಂಡು ಹೋಗಿ ಕಲ್ಲಿನ ಅಂಚನ್ನು ಬರಿಮೈ ಮಾಡಿಟ್ಟಿತು.

ಜುಲೈ ಹನ್ನೊಂದು, ಗುರುವಾರ. ವಹಿಯಲ್ಲಿ ಹೀಗಿದೆ: ಮಕ್ಕಳು ಹದಿನಾಲ್ಕು, ಹಾಕಿದ್ದು ಸೊನ್ನೆ. ಜೀಪಿನ ಮುಂದಿನ ಗಾಲಿಗಳು ಅಂಚು ಹತ್ತಿ ಆಚೆ ಇಳಿದವು. ಅಷ್ಟರಲ್ಲಿ ಹೊಟ್ಟೆ ಕಲ್ಲಿನ ಮೇಲೆ ಕುಳಿತಿತು. ಮುಂದಿನ ಗಾಲಿ ಆಚೆ, ಹಿಂದಿನ ಗಾಲಿ ಈಚೆ, ನಡುವೆ ತಕ್ಕಡಿಯ ದಂಡಿಗೆಯಂತೆ ಜೀಪು. ತಾಂಡಾದ ಗಂಡಸರು ಬಂದು ಹಿಂದಕ್ಕೆ ಎಳೆದರು. ಹದಿನೇಳಕ್ಕೆ ಅವರೇ ಅಂಚಿನ ಎರಡೂ ಬದಿಗೆ ಅರವತ್ತೆರಡು ಬುಟ್ಟಿ ಕಲ್ಲು ಸುರಿದು ದಾರಿ ಎತ್ತರಿಸಿದರು. ರಾತ್ರಿಯ ಮಳೆ ಅರವತ್ತೆರಡನ್ನೂ ಒಯ್ದಿತು. ಹದಿನೆಂಟಕ್ಕೆ ಮತ್ತೆ ಹೋದೆವು, ಮತ್ತೆ ಅದೇ ಕಲ್ಲಿನ ಮೇಲೆ ಕುಳಿತೆವು.

ಆ ದಿನ ಆಚೆ ದಂಡೆಯಲ್ಲಿ ಸೋನಾಬಾಯಿ ನಿಂತಿದ್ದಳು. ತಾಂಡಾದ ಮಕ್ಕಳನ್ನೆಲ್ಲ ಕರೆದು ಕೂಡಿಸುವವಳು ಅವಳೇ. ಅವಳದೂ ನಾಲ್ಕು ತಿಂಗಳ ಹೆಣ್ಣುಕೂಸು. ನೀರಿನ ಸಪ್ಪಳ ಮೀರಿಸಿ ಕೂಗಿದಳು:

“ಬಾಯಾರ, ನಾವ ಕೂಸುಗಳ್ನ ಹೊತ್ಕೊಂಡ್ ಆ ಕಡಿ ಬರ್ತೀವ್ರಿ!”

“ಬ್ಯಾಡ! ಅಲ್ಲೇ ನಿಲ್ಲು!” ಪಾರ್ವತಿಬಾಯಿ ಚೀರಿದರು.

ಚೀರುವ ಹೊತ್ತಿಗೆ ಅವಳು ನೀರಿಗೆ ಇಳಿದಾಗಿತ್ತು. ಕೂಸು ಸೊಂಟದ ಮೇಲೆ. ನೀರು ಮೊಣಕಾಲಿಗೆ. ಮೂರನೆಯ ಹೆಜ್ಜೆಗೆ ಪಾಚಿಯ ಮೇಲೆ ಕಾಲು ಜಾರಿ ಅವಳ ಒಂದು ಕೈ ಗಾಳಿಯಲ್ಲಿ ಹೋಯಿತು. ಇನ್ನೊಂದು ಕೈ ಕೂಸನ್ನು ಬಿಡಲಿಲ್ಲ. ಹಿಂದಿನಿಂದ ಯಾರೋ ಸೀರೆ ಹಿಡಿದು ಎಳೆದುಕೊಂಡರು. ಆ ಮೂರು ಹೆಜ್ಜೆ ನನ್ನ ವಹಿಯಲ್ಲಿ ಇಲ್ಲ.

ಮರುದಿನ ಆರೋಗ್ಯ ಕೇಂದ್ರದ ಡಾಕ್ಟರು ಪಾರ್ವತಿಬಾಯಿಯನ್ನೂ ನನ್ನನ್ನೂ ಕರೆದು ಕೂಡಿಸಿದರು. “ಹರಿಯೋ ನೀರಾಗ ನೀವು ನಡೆದು ದಾಟಬಾರದು, ಅದು ಕಾಯಂ ಮಾತು. ಆಗಸ್ಟ್ ಎಂಟಕ್ಕ ಜೀಪು ದಾಟಿದ್ರ ಛಲೋ. ಇಲ್ಲಂದ್ರ ಈ ದಂಡಿ ಸಾಲಿಯೊಳಗ ಲಸಿಕಿ ಇಡೋಣು. ತಾಯಂದ್ರೇ ಬರ್ಲಿ.”

ತಾಯಂದಿರು ಬರುವುದೆಂದರೆ ಹೇಗೆ ಬರುತ್ತಾರೆ ಎಂಬುದನ್ನು ನಾನು ನೋಡಿದ್ದೆ. ಪಾರ್ವತಿಬಾಯಿಯೂ ನೋಡಿದ್ದರು.

ಇಪ್ಪತ್ತನೆಯ ತಾರೀಖು ಮಳೆ ಬಿಡುವು ಕೊಟ್ಟಿತ್ತು. ನೀರು ಇಳಿದು ಅಂಚು ಮೇಲೆ ಕಾಣುತ್ತಿತ್ತು. ಮುಂದಿನ ಗಾಲಿ ನಿಂತ ಜಾಗದಿಂದ ಹಿಂದಿನ ಗಾಲಿ ನಿಂತ ಜಾಗಕ್ಕೆ ಒಂದು ಹಗ್ಗ ಬಿಗಿದು, ಹಗ್ಗದಿಂದ ಕಲ್ಲಿನ ನೆತ್ತಿ ಎಷ್ಟು ಎತ್ತರ ಎಂದು ಅಳೆದೆ. ಹತ್ತೂವರೆ ಇಂಚು. ಜೀಪಿನ ಹೊಟ್ಟೆ ನೆಲದಿಂದ ಒಂಬತ್ತೂಕಾಲು.

“ಒಂದೂಕಾಲು ಇಂಚು ಕಮ್ಮಿ ಬೀಳ್ತದ, ಶರಣಪ್ಪಣ್ಣ.”

“ಒಂದೂಕಾಲ? ಇಷ್ಟಕ್ಕ ಎರಡ್ ಗುರುವಾರ ನೀರಾಗ ಕುಂತೆವು?” ಅವನು ಜೀಪಿನ ಬಾನೆಟ್ ತಟ್ಟಿದ. “ಎಲ್ಲಾ ಬರ್ಕೊಂತೀರಲ್ಲ ವಹಿ ಬಾಯಾರ, ತುಸು ಹೊಟ್ಟಿ ಒಳಗ ಎಳ್ಕೋ ಅಂತ ಇದಕ್ಕೂ ಒಂದ್ ಚೀಟಿ ಬರದ್ ಕೊಡ್ರಿ.”

ನಕ್ಕ ಮೇಲೆ ಗೋಣಿತಟ್ಟು ಹಾಸಿ ಜೀಪಿನ ಕೆಳಗೆ ಮಲಗಿ, ನನ್ನನ್ನೂ ಬಗ್ಗಿ ನೋಡಲು ಹೇಳಿದ. ಗಾಲಿಯ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಅದಕ್ಕೆ ಪಾಟಾ ಎನ್ನುತ್ತಾರೆ. ಇಡೀ ಜೀಪು ಕುಳಿತಿರುವುದು ಅಂಥ ನಾಲ್ಕು ಪಾಟಾಗಳ ಮೇಲೆ. ಪಾಟಾದ ಒಂದು ತುದಿ ಜೀಪಿನ ಚೌಕಟ್ಟಿಗೆ ನೇರವಾಗಿ ಸಿಕ್ಕಿಸಿದೆ. ಇನ್ನೊಂದು ತುದಿ ಮಾತ್ರ ಎರಡು ಪುಟ್ಟ ಪಟ್ಟಿಗಳ ನಡುವೆ, ಜೋಕಾಲಿಯಂತೆ ಜೋತಾಡುತ್ತದೆ.

“ಇದs ಶಾಕಲ್,” ಎಂದು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದ. “ಇದರ ಪಟ್ಟಿ ಉದ್ದ ಮಾಡಿದ್ರ ಜೀಪು ಎತ್ತರ ಆಗ್ತದ. ಈ ಗಾಡಿಗೆ ಬಜಾರದಾಗ ಸಿಗಂಗಿಲ್ಲ. ಮಾಡಿಸಬೇಕು.”

ಗಾಲಿ ಗುಂಡಿಗೆ ಬಿದ್ದಾಗ ಪಾಟಾ ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದು ಈ ಜೋಕಾಲಿ ಎಂದೂ ಹೇಳಿದ. ಸಾವಿರಾರು ಕಿಲೋಮೀಟರು ಅದರ ಮೇಲೆಯೇ ಕುಳಿತು ಹೋಗಿದ್ದೆ. ಬೆರಳುದ್ದದ ಎಂಟು ಪಟ್ಟಿಗಳು ನನ್ನನ್ನು ಹೊತ್ತಿದ್ದವು ಎಂದು ತಿಳಿದದ್ದು ಆ ದಿನ, ಕೆಸರಲ್ಲಿ ಮೊಣಕಾಲೂರಿ.

ಮರುದಿನ ರವಿವಾರ. ಸೇಡಂನ ಅವನ ಅಂಗಳದಲ್ಲಿ ಜೀಪನ್ನು ಪರಸಿ ಹಾಸುಗಲ್ಲುಗಳ ಮೇಲೆ ಏರಿಸಿ ನಿಲ್ಲಿಸಿ, ಒಂದು ಹಳೆಯ ಶಾಕಲ್ ಬಿಚ್ಚಿಕೊಂಡು ಇಬ್ಬರೂ ಪ್ಯಾಸೆಂಜರ್ ರೈಲು ಹತ್ತಿದೆವು. ಚಿತ್ತಾಪುರ ಸ್ಟೇಷನ್ನಿನಲ್ಲಿ ಅವ್ವ ಕಿಟಕಿಗೆ ಬಂದು ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೊಟ್ಟಳು.

“ರವಿವಾರ ಸುದ್ದಾ ಮನೀಗಿ ಇಳಿಯಂಗಿಲ್ಲೇನ? ಮಡಿಲಾಗ ಅದೇನ್ ಕಬ್ಬಿಣ?”

“ಜೀಪಿನ ಜೋಕಾಲಿ ಅವ್ವಾ.”

“ನಿನ್ನ ತೊಟ್ಲ ಕಟ್ಟಿದ್ ಕೊಂಡಿ ಇದಕ್ಕಿಂತ ದೊಡ್ಡದಿತ್ತು,” ಎಂದಳು. ರೈಲು ಬಿಟ್ಟಿತು.

ವಾಡಿಯಲ್ಲಿ ಗಾಡಿ ಬದಲಿಸಿದೆವು. ಶಹಾಬಾದಿನಲ್ಲಿ ಇಳಿದಾಗ ತುಂತುರು. ಇಬ್ರಾಹಿಂ ಚಾಚಾ ಅವರ ಕುಲುಮೆ ಕಲ್ಲಿನ ಗಣಿಗಳ ದಾರಿಯಲ್ಲಿದೆ. ಎಪ್ಪತ್ತರ ಹತ್ತಿರದ ಮನುಷ್ಯ, ಗಿಡ್ಡ, ಬಲಗೈ ಎಡಗೈಗಿಂತ ದಪ್ಪ. ನಲವತ್ತು ವರ್ಷದಿಂದ ಅವರು ಮಾಡಿಕೊಂಡು ಬಂದದ್ದು ಒಂದೇ ಸಾಮಾನು, ಗಣಿಯವರು ಪರಸಿ ಸೀಳುವ ಉಳಿ. ಶರಣಪ್ಪಣ್ಣನ ಅಪ್ಪನಿಗೆ ಅವರ ಗುರುತಿತ್ತು.

ನಾನು ವಹಿ ತೆರೆದು ಹೇಳಿದೆ: “ಒಂದೂವರೆ ಇಂಚು ಉದ್ದ ಮಾಡ್ರಿ ಚಾಚಾ. ಒಂದೂಕಾಲು ಬೇಕು, ಮ್ಯಾಲ ಕಾಲು ಇಂಚು ಇರ್ಲಿ.”

“ಒಂದೂವರೆ ಮಾಡಿದ್ರ ಮುಕ್ಕಾಲ ಸಿಗ್ತದ ಬೇಟಿ,” ಎಂದರು, ತಲೆ ಎತ್ತದೆ.

ನಾನು ಲೆಕ್ಕ ತಪ್ಪುವವಳಲ್ಲ. ನನ್ನ ಮುಖ ನೋಡಿ ಅವರು ಅಳತೆಪಟ್ಟಿಯನ್ನು ಕಲ್ಲಿನ ಮೇಲೆ ಇಟ್ಟರು. ಅದರ ನಡುಮಧ್ಯ ಬೆರಳಿಡು ಎಂದರು. ಇಟ್ಟೆ. ಅವರು ಒಂದೇ ತುದಿಯನ್ನು ಎರಡು ಇಂಚು ಎತ್ತಿದರು. ಇನ್ನೊಂದು ತುದಿ ಕಲ್ಲಿನ ಮೇಲೆಯೇ ಇತ್ತು. ನನ್ನ ಬೆರಳು ಒಂದು ಇಂಚು ಏರಿತ್ತು.

“ಗಾಲಿ ಅಚ್ಚು ಎಲ್ಲಿ ಕುಂತದ? ಪಾಟಾದ ನಟ್ಟನಡುವ. ಒಂದ್ ತುದಿ ಎತ್ತಿದ್ರ ನಡುವಿನವಂಗ ಅರ್ಧಾನೇ ಪಾಲು. ನಿನಗ ಒಂದೂವರೆ ಬೇಕಂದ್ರ ನಾ ಮೂರು ಇಂಚು ಉದ್ದ ಮಾಡಬೇಕು.”

ಶಾಲೆಯಲ್ಲಿ ಕಲಿತದ್ದೇ. ಆದರೂ ಬೆರಳು ಏರಿದ್ದನ್ನು ನೋಡಿದಾಗ ಮೈ ಜುಮ್ಮೆಂದಿತು. ಅವರು ಎಷ್ಟು ಓದಿದ್ದಾರೆ ಎಂದು ನಾನು ಕೇಳಲಿಲ್ಲ. ವಹಿಯಲ್ಲಿ ಒಂದೂವರೆ ಹೊಡೆದುಹಾಕಿ ಮೂರು ಎಂದು ಬರೆದೆ.

ಕೆಲಸ ಬೆಳಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯಿತು. ನಮ್ಮ ಕಡೆ ಗಟ್ಟಿ ಸಾಮಾನು ಏನೇ ಬೇಕಾದರೂ ಮುರಿದ ಲಾರಿ ಪಾಟಾದಿಂದಲೇ ಮಾಡುವುದು. ಕುಡಗೋಲು, ಕೊಡಲಿ, ಉಳಿ, ಎಲ್ಲ. ಚಾಚಾ ಮೂಲೆಯಿಂದ ಒಂದು ಲಾರಿ ಪಾಟಾ ಎಳೆದು, ಕಾಯಿಸಿ, ಕಡಿದು, ಎಂಟು ಪಟ್ಟಿ ಮಾಡಿದರು. ಕೆಂಪಗಿರುವಾಗಲೇ ತೂತು ಹೊಡೆದರು. ಎರಡೆರಡು ಪಟ್ಟಿ ಕೂಡಿಸಿ ತೂತುಗಳಲ್ಲಿ ಬೋಲ್ಟು ಹಾಯಿಸಿ ನೋಡಿದರು. ಬೋಲ್ಟು ತನ್ನ ತೂಕಕ್ಕೆ ತಾನೇ ಜಾರಿ ಬೀಳಬೇಕು. ಆರು ಪಟ್ಟಿಗೆ ಬಿತ್ತು. ಎರಡಕ್ಕೆ ಬೀಳಲಿಲ್ಲ, ಮತ್ತೆ ಮಾಡಿದರು.

ಬಾಗಿಲ ಬಳಿ ಒಂದು ನಯಗೊಳಿಸಿದ ಪರಸಿ ಕಲ್ಲು ಇತ್ತು. ಬಚ್ಚಲಿಗೂ ಅಂಗಳಕ್ಕೂ ಹಾಸಿ ನಾವು ತುಳಿದುಕೊಂಡು ಓಡಾಡುವ ಅದೇ ಬೂದುಗಲ್ಲು. ಪ್ರತಿ ಪಟ್ಟಿಯನ್ನೂ ಅದರ ಮೇಲಿಟ್ಟು, ಕೆನ್ನೆ ಕಲ್ಲಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಬಾಗಿಲ ಬೆಳಕಿಗೆ ನೋಡುತ್ತಿದ್ದರು. ಪಟ್ಟಿಯ ಕೆಳಗಿನಿಂದ ಬೆಳಕಿನ ಎಳೆ ಕಂಡರೆ ಪಟ್ಟಿ ಸೊಟ್ಟಗಿದೆ ಎಂದು ಅರ್ಥ. ನನಗೂ ನೋಡಲು ಬಿಟ್ಟರು. ಕಲ್ಲು ತಣ್ಣಗಿತ್ತು. ಒಂದು ಪಟ್ಟಿಯ ಕೆಳಗೆ ಕೂದಲಿಗಿಂತ ಸಣ್ಣ ಬೆಳಕು ಉರಿಯುತ್ತಿತ್ತು. ಅವರು ಸುತ್ತಿಗೆಯಿಂದ ಒಮ್ಮೆ ಮುಟ್ಟಿದರು, ಹೊಡೆದರು ಎನ್ನಲಾರೆ. ಬೆಳಕು ಆರಿತು.

ಕೊನೆಗೆ ಹದ ಕೊಡುವ ಕೆಲಸ. ಕಿಟಕಿ ಮುಚ್ಚಿಸಿದರು. ಕತ್ತಲಲ್ಲೇ ಕಬ್ಬಿಣದ ಬಣ್ಣ ತಿಳಿಯುವುದಂತೆ. ಪಟ್ಟಿ ನೇರಳೆ ಹಣ್ಣಿನಂತೆ ಆಯಿತು, ದಾಳಿಂಬೆಯ ಕಾಳಿನಂತೆ ಆಯಿತು, ಬಿಸಿಲಿಗೆ ಹಿಡಿದ ಕೆಂಪು ಗಾಜಿನಂತೆ ಆಯಿತು. ಇನ್ನೇನು ಈಗ ಅದ್ದುತ್ತಾರೆ ಎಂದುಕೊಂಡೆ. ಅವರು ಇನ್ನೂ ಮೂರು ಉಸಿರು ತಡೆದರು. ಆಮೇಲೆ ನೀರಿಗೆ. ಕಲ್ಲುದೋಣಿ ಎಂಬ ತೊಟ್ಟಿಯ ನೀರು ಬೊಬ್ಬೆ ಹೊಡೆಯಿತು. ತಣಿದ ಪಟ್ಟಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ತಟ್ಟಿದಾಗ ಗುಡಿಯ ಗಂಟೆಯಂತೆ ದನಿ ಬಂತು. ಎಂಟೂ ಪಟ್ಟಿಗೆ ಒಂದೇ ದನಿ.

“ನನ್ನ ಉಳಿ ಮುರೀತು ಅಂತ ಇಲ್ಲಿತನಕ ಯಾರೂ ತಿರುಗಿ ಬಂದಿಲ್ಲ,” ಎಂದರು ಚಾಚಾ.

ಇಪ್ಪತ್ತಮೂರಕ್ಕೆ ಶರಣಪ್ಪಣ್ಣ ಅವನ್ನು ಕೂಡಿಸಿದ. ಜೀಪು ಕಲ್ಲಿನಿಂದ ಕೆಳಗಿಳಿದ ಮೇಲೆ ಹೊಟ್ಟೆ ಅಳೆದೆ: ಹತ್ತು ಮುಕ್ಕಾಲು. ಹೇಳಿದಂತೆ ಒಂದೂವರೆ ಏರಿತ್ತು. ಮೂರು ಸಲ ಅಳೆದೆ, ಮೂರು ಸಲವೂ ಅದೇ. ಕಲ್ಲಿಗೂ ಹೊಟ್ಟೆಗೂ ನಡುವೆ ಈಗ ಕಾಲು ಇಂಚು. ಶರಣಪ್ಪಣ್ಣನ ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಒಂದು ಕಾಳು ತೆಗೆದು ಅಳತೆಪಟ್ಟಿಗೆ ಹಿಡಿದೆ. ಸರಿಯಾಗಿ ಅಷ್ಟೇ ದಪ್ಪ.

ಪೆಟ್ಟಿಗೆ ಒಯ್ಯುವ ಮೊದಲು ಒಮ್ಮೆ ಬರಿದೇ ದಾಟಿ ನೋಡಬೇಕು ಎಂದು ಶರಣಪ್ಪಣ್ಣ ಹಟ ಹಿಡಿದ. ಆ ಹಟಕ್ಕೆ ನಾನು ಇವತ್ತಿಗೂ ಋಣಿ. ಇಪ್ಪತ್ತೆಂಟು, ರವಿವಾರ. ಪಾರ್ವತಿಬಾಯಿ, ನಾನು, ಲಸಿಕೆ ಪೆಟ್ಟಿಗೆ, ಇಷ್ಟರ ತೂಕಕ್ಕೆ ಸಮನಾಗಿ ಉಸುಕಿನ ಚೀಲ ಹೇರಿದೆವು. ನಾನು ಈ ದಂಡೆಯಲ್ಲಿ ನಿಂತೆ, ಆಚೆ ತಾಂಡಾದವರು. ಜೀಪು ಅಂಚು ಹತ್ತಿತು. ಹೊಟ್ಟೆ ಕಲ್ಲಿನ ಮೇಲಿನಿಂದ ಹಾಯಿತು. ಸೋನಾಬಾಯಿ ಎರಡೂ ಕೈ ಎತ್ತಿದಳು. ಹಿಂದಿನ ಗಾಲಿ ಅಂಚಿನಿಂದ ಧಡ್ಡನೆ ಇಳಿದಾಗ ಗುಂಡು ಹಾರಿದಂಥ ಸಪ್ಪಳವಾಯಿತು. ಜೀಪಿನ ಎಡ ಹಿಂಬದಿ ಕುಸಿದು, ನೀರಿನಲ್ಲಿ ಕುಂಟು ಎತ್ತಿನಂತೆ ನಿಂತಿತು.

ಒಂದು ಪಟ್ಟಿ ತೂತಿನ ಹತ್ತಿರ ಎರಡು ತುಂಡಾಗಿತ್ತು. ತಾಂಡಾದವರು ಜಾಲಿಯ ಕೊರಡು ಕಡಿದು ತಂದು, ಪಾಟಾಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿಸಿ ಹಗ್ಗ ಬಿಗಿದರು. ಆ ಹಗ್ಗದ ಮೇಲೆಯೇ ಜೀಪು ಸೇಡಂ ಮುಟ್ಟಿತು. ಆಗಸ್ಟ್ ಎಂಟಕ್ಕೆ ಹನ್ನೊಂದು ದಿನ ಉಳಿದಿತ್ತು.

ಮೂವತ್ತಕ್ಕೆ ರಜೆ ಹಾಕಿ, ಎಂಟೂ ಪಟ್ಟಿ ಹೊತ್ತು ಮತ್ತೆ ಶಹಾಬಾದಿಗೆ. ಚಾಚಾ ಮುರಿದ ತುಂಡು ತೆಗೆದುಕೊಂಡು ಬೆಳಕಿಗೆ ಹಿಡಿದರು. ಮುರಿದ ಮುಖ ಕಲ್ಲುಸಕ್ಕರೆ ಒಡೆದಂತೆ ಹರಳು ಹರಳಾಗಿ ಹೊಳೆಯುತ್ತಿತ್ತು. ಮುರಿಯದ ಇನ್ನೊಂದು ಪಟ್ಟಿಯನ್ನು ಅಡಿಗಲ್ಲಿನ ಅಂಚಿಗೆ ಚಾಚಿ ಇಟ್ಟು ಒಂದೇ ಏಟು ಹಾಕಿದರು. ಅದೂ ಎರಡಾಯಿತು. ಮೂರನೆಯದನ್ನು ಕೈಗೆ ತೆಗೆದುಕೊಂಡವರು ಹೊಡೆಯದೆ ಕೆಳಗಿಟ್ಟರು.

“ತಪ್ಪು ನಂದು ಬೇಟಿ. ಕಬ್ಬಿಣದ್ದಲ್ಲ.”

“ಹದ ಛಂದ ಬಂದಿತ್ತಲ್ರಿ ಚಾಚಾ?” ಶರಣಪ್ಪಣ್ಣ ಕೇಳಿದ.

“ಛಂದ ಬಂದಿತ್ತು. ಉಳಿ ಹದ. ಉಳಿ ಬಗ್ಗಬಾರದು, ಅದಕ್ಕ ಪೆಟ್ಟು ಬರೋದು ಒಂದs ಕಡಿಂದ, ನೆತ್ತಿ ಮ್ಯಾಲಿಂದ. ಇದಕ್ಕ ನಾಕೂ ಕಡಿಂದ ಎಳೀತಾರ, ತಿರುವ್ತಾರ. ಇದಕ್ಕ ಗಟ್ಟಿತನ ಕೊಟ್ಟು ನಾನs ಕೊಂದೆ.” ತಮ್ಮ ಅಂಗೈ ತಾವೇ ನೋಡಿಕೊಂಡರು. “ನಲವತ್ತ್ ವರ್ಷದ ಚಟ. ಕೆಂಪಾತು ಅಂದ್ರ ಕೈ ತಾನs ನೀರಿಗಿ ಹೋಗ್ತದ. ಯಾರ ಸಾಮಾನು, ಏನ್ ಸಾಮಾನು, ಕೈ ಕೇಳಂಗಿಲ್ಲ.”

ಕಬ್ಬಿಣದ ಬಣ್ಣ ನೋಡಿ ಹದ ಹೇಳುವವರನ್ನು ಕಂಡು ನಾನು ಆಗಲೇ ಬೆರಗಾಗಿದ್ದೆ. ಆ ಬೆರಗು ಅಲ್ಲಿಗೆ ಚಿಕ್ಕದಾಯಿತು. ಗಿರಾಕಿಯ ಎದುರು, ಇಪ್ಪತ್ತಮೂರು ವರ್ಷದ ಹುಡುಗಿಯ ಎದುರು, ಆ ವಯಸ್ಸಿನ ಉಸ್ತಾದ ತನ್ನ ಕೈಯನ್ನೇ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು.

ಈ ಸಲ ಲಾರಿ ಪಾಟಾ ಮುಟ್ಟಲಿಲ್ಲ. ಶರಣಪ್ಪಣ್ಣನನ್ನು ಬಜಾರಿಗೆ ಕಳಿಸಿ ಮೆತ್ತನೆಯ ಕಬ್ಬಿಣದ ಹೊಸ ಪಟ್ಟಿ ತರಿಸಿದರು, ಮೊದಲಿನದಕ್ಕಿಂತ ದಪ್ಪ. ಅದರ ಒಂದು ತುಂಡನ್ನು ಇಕ್ಕಳದಲ್ಲಿ ಕಚ್ಚಿಸಿ ಹೊಡೆದರು. ಅದು ಬಾಗಿತು, ಮೂಲೆಮಟ್ಟವಾಯಿತು, ಇನ್ನೂ ಬಾಗಿ ತನ್ನ ಮೇಲೆ ತಾನೇ ಮಡಚಿಕೊಂಡಿತು. ಬಿರುಕಿಲ್ಲ. ಎರಡೆರಡು ಪಟ್ಟಿ ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ತೂತು ಕೊರೆದರು. ಬೋಲ್ಟು ಈ ಸಲ ಎಂಟಕ್ಕೆ ಎಂಟೂ ಜಾರಿ ಬಿತ್ತು. ಉದ್ದನೆಯ ಶಾಕಲ್ ಪಕ್ಕಕ್ಕೆ ವಾಲದಂತೆ ಪ್ರತಿ ಜೋಡಿಯ ನಡುವೆ ಒಂದು ಅಡ್ಡತುಂಡು ಕೂಡಿಸಿದರು. ತುಕ್ಕು ಹಿಡಿಯದಂತೆ ಎಣ್ಣೆ ಕುಡಿಸಲು ಮಾತ್ರ ಒಮ್ಮೆ ಬೆಂಕಿಗೆ ಇಟ್ಟರು.

ಪಟ್ಟಿ ಬಿಸಿಯಾಗುತ್ತಿದ್ದಂತೆ ಚಾಚಾ ಅವರ ಬಲಗೈ ಇಕ್ಕಳ ಸಮೇತ ಕಲ್ಲುದೋಣಿಯ ಕಡೆ ಹೊರಟಿತು. ನಾನು ನೋಡಿದೆ. ಶರಣಪ್ಪಣ್ಣನೂ ನೋಡಿದ. ನೀರಿನ ಮೇಲೆ ಒಂದು ಗೇಣಿನಲ್ಲಿ ಕೈ ನಿಂತಿತು. ಚಾಚಾ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಕರುವನ್ನು ತಿರುಗಿಸಿದಂತೆ ಮೆಲ್ಲಗೆ ತಿರುಗಿಸಿ, ಪಟ್ಟಿಯನ್ನು ಬೂದಿಯ ಮೇಲೆ ಮಲಗಿಸಿದರು. ಬಿಸಿ ಇಳಿದ ಮೇಲೆ ಕುಸುಬಿ ಎಣ್ಣೆಯ ಡಬ್ಬಿಗೆ ಅದ್ದಿದರು. ಬಿಳಿ ಹೊಗೆ ಎದ್ದಿತು. ಪಟ್ಟಿ ಎಮ್ಮೆಯ ಕೊಂಬಿನಂತೆ ಕಪ್ಪಾಗಿ ಮಿರುಗಿತು. ತಟ್ಟಿದರೆ ಈಗ ಗಂಟೆಯ ದನಿಯಿಲ್ಲ. ಒಲೆಯ ಮೇಲೆ ಹೆಂಚು ಇಟ್ಟಂಥ ಸಪ್ಪಳ.

“ಎಂಟಕ್ಕ ನಾನೂ ಬರ್ತೀನಿ,” ಎಂದರು.

ಏಳರ ಸಂಜೆಯೇ ಅವರು ಸೇಡಂಗೆ ಬಂದಿಳಿದರು. ಎಂಟರ ಬೆಳಗ್ಗೆ ಎಂಟೂವರೆಗೆ ನಾವು ಹಳ್ಳದ ದಂಡೆಯಲ್ಲಿದ್ದೆವು. ನೀರು ಅಂಚಿನ ಮೇಲೆ ನಾಲ್ಕು ಬೆರಳು ಹರಿಯುತ್ತಿತ್ತು. ಮೊದಲು ಉಸುಕಿನ ಚೀಲದ ಜೊತೆ ಹೋಗಿ ಬರುವುದು, ಆಮೇಲೆ ನಾವು ಎಂದು ಮಾತಾಗಿತ್ತು. ಹೊರಡುವ ಮೊದಲು ನಾನು ಜೀಪಿನ ಹೊಟ್ಟೆಯ ತಗಡಿಗೆ ದಪ್ಪಗೆ ಗ್ರೀಸು ಬಳಿಸಿದೆ. ಕಲ್ಲು ಮುಟ್ಟಿದರೆ ಗ್ರೀಸು ಹೇಳುತ್ತದೆ. ಬಳಿದವನು ಶರಣಪ್ಪಣ್ಣ, ಅವನ ಅಂಗೈ ಅಚ್ಚು ಅದರ ಮೇಲೆ ಮೂಡಿತ್ತು.

ಚಾಚಾ ದಂಡೆಯ ಒಂದು ಬಂಡೆಯ ಮೇಲೆ ಬೋರಲಾಗಿ ಮಲಗಿದರು, ಕುಲುಮೆಯಲ್ಲಿ ಕೆನ್ನೆ ಕಲ್ಲಿಗೆ ಇಡುತ್ತಿದ್ದಂತೆಯೇ. ನಾನೂ ಪಕ್ಕದಲ್ಲಿ ಮಲಗಿದೆ. ಅಲ್ಲಿಂದ ಜೀಪಿನ ಕೆಳಭಾಗ ಕಾಣುತ್ತಿತ್ತು. ಮುಂದಿನ ಗಾಲಿ ಅಂಚು ಹತ್ತಿದಾಗ ಆ ಕಪ್ಪು ಪಟ್ಟಿಗಳು ಹಿಂದಕ್ಕೆ ವಾಲಿದವು. ಇಳಿದಾಗ ಮುಂದಕ್ಕೆ ಬಂದವು. ಹಿಂದಿನ ಗಾಲಿ ಧಡ್ಡನೆ ಬಿತ್ತು. ನಾನು ಕಣ್ಣು ಮುಚ್ಚಿದೆ. ಗುಂಡಿನ ಸಪ್ಪಳ ಬರಲಿಲ್ಲ. ಕಣ್ಣು ತೆರೆದಾಗ ಅಷ್ಟು ದೊಡ್ಡ ಜೀಪು, ಅಷ್ಟು ನೀರು, ಅದರ ನಡುವೆ ಬೆರಳಿನಷ್ಟು ಕಬ್ಬಿಣ ಮಾತ್ರ ಹಿಂದೆ ಮುಂದೆ, ಹಿಂದೆ ಮುಂದೆ ಮೆಲ್ಲಗೆ ತೂಗುತ್ತಿತ್ತು.

“ಯಾ ಅಲ್ಲಾ,” ಚಾಚಾ ಪಿಸುಗುಟ್ಟಿದರು. “ಉಸುರ್ ಆಡ್ಲಿಕತ್ತದ ನೋಡು.”

ಅವರ ಉಳಿ ಯಾವುದೂ ಅವರ ಕಣ್ಣೆದುರು ಹಾಗೆ ಅಲ್ಲಾಡಿರಲಿಲ್ಲ. ಹಾಗೆ ಅವರೇ ಆಮೇಲೆ ಹೇಳಿದರು.

ಜೀಪು ಆಚೆ ಮುಟ್ಟಿ, ತಿರುಗಿ ಬಂತು. ನಾನು ಕೆಳಗೆ ತೂರಿ ನೋಡಿದೆ. ಗ್ರೀಸಿನ ಮೇಲೆ ಶರಣಪ್ಪಣ್ಣನ ಅಂಗೈ ಅಚ್ಚು ಹಾಗೆಯೇ ಇತ್ತು, ಐದೂ ಬೆರಳು. ಹೊರಗೆ ಬಂದು ಹೇಳಿದೆ. ಶರಣಪ್ಪಣ್ಣ ಆ ಅಂಗೈಯನ್ನೇ ಹಣೆಗೆ ಒತ್ತಿಕೊಂಡು ಮುಖಕ್ಕೆಲ್ಲ ಗ್ರೀಸು ಮಾಡಿಕೊಂಡ.

“ನನ್ನ ತೂಕದ ಉಸುಕು ಪೂರಾ ಹಾಕಿದ್ರೋ, ಮರ್ಯಾದಿಗಿ ಕಮ್ಮಿ ಹಾಕಿದ್ರೋ?” ಪಾರ್ವತಿಬಾಯಿ ಹತ್ತುವಾಗ ಕೇಳಿದರು.

“ಅರ್ಧ ಚೀಲ ಹೆಚ್ಚಿಗೆ ಹಾಕೇವ್ರಿ ಬಾಯಾರ, ಮರ್ಯಾದಿ ಬ್ಯಾರೆ, ಜೀವ ಬ್ಯಾರೆ.”

ಪೆಟ್ಟಿಗೆಯನ್ನು ಮಡಿಲಲ್ಲಿ ಹಿಡಿದು ಕುಳಿತೆ. ಅಂಚಿನ ಮೇಲೆ ಜೀಪು ಒಂದು ಕ್ಷಣ ತೂಗಿತು. ಕೆಳಗೆ ನೀರು, ನೀರಿನ ಕೆಳಗೆ ಕಲ್ಲು, ಕಲ್ಲಿಗೂ ನಮಗೂ ನಡುವೆ ಒಂದು ತೊಗರಿ ಕಾಳು. ಆಮೇಲೆ ಆಚೆ ದಂಡೆಯ ಕೆಮ್ಮಣ್ಣು. ಸೋನಾಬಾಯಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಜೀಪಿನ ಸುತ್ತ ಒಂದು ಸುತ್ತು ಬಂದಳು.

“ಇದಕ್ಕ ಕಾಲ ಉದ್ದ ಬಂದಾವಲ್ರೀ!”

ಆ ದಿನದ ಪುಟದಲ್ಲಿ ನಾನು ಮೊದಲೇ ಗೆರೆ ಹಾಕಿಕೊಂಡು ಹೋಗಿದ್ದು ಹದಿನಾಲ್ಕು ಮನೆ, ಕೂಸಿಗೊಂದು. ಹುಣಸೆ ಗಿಡದ ಕೆಳಗೆ ಹದಿನಾಲ್ಕೂ ತುಂಬಿದವು, ಸೋನಾಬಾಯಿಯ ಕೂಸು ಒಂಬತ್ತನೆಯದು. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಗಡಿಯಾಚೆಯಿಂದ ತವರಿಗೆ ಬಂದಿದ್ದ ಒಬ್ಬ ತಾಯಿ, ಯಾವ ಪಟ್ಟಿಯಲ್ಲೂ ಇಲ್ಲದ ಮೂರು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ತೆಲುಗಿನಲ್ಲಿ ಏನೋ ಕೂಗುತ್ತ ಓಡಿ ಬಂದಳು. ಗೆರೆ ಹಾಕಲು ಅಳತೆಪಟ್ಟಿ ಜೀಪಿನಲ್ಲಿತ್ತು. ಕೈಯಲ್ಲೇ ಎಳೆದೆ. ನನ್ನ ವಹಿಯ ಒಂದೇ ಸೊಟ್ಟ ಗೆರೆ ಅದು. ಮನೆ ಹದಿನೈದು.

ಅಂದಿನಿಂದ ಹೋದ ತಿಂಗಳ ತನಕ ಜೀಪು ಹಳ್ಳ ದಾಟಿದ್ದು, ಹೋಗುತ್ತ ಬರುತ್ತ ಎರಡೂ ಕೂಡಿ, ನಲವತ್ತೆಂಟು ಸಲ. ನೀರು ಏರಿ ದಂಡೆಯಿಂದಲೇ ತಿರುಗಿದ್ದು ಎರಡು ಸಲ. ಎರಡಕ್ಕೂ ಮುಂದಿನ ವಾರವೇ ಹೋದೆವು. ಸ್ಟೇರಿಂಗು ತುಸು ಅಲೆದಾಡುತ್ತದೆ, ಡಾಂಬರಿನ ಮೇಲೆ ಶರಣಪ್ಪಣ್ಣ ಮೂವತ್ತು ದಾಟಿಸುವುದಿಲ್ಲ. ಹಳ್ಳಕ್ಕೆ ಸೇತುವೆ ಕಟ್ಟಲು ಸರಕಾರದವರು ಅಳತೆ ಮಾಡಿಕೊಂಡು ಹೋಗಿದ್ದಾರೆ. ಅದು ಈ ಮಳೆಗಾಲಕ್ಕೆ ಬರುವುದಿಲ್ಲ.

ಹೋದ ವಾರ ಬಾಗಿಲಲ್ಲಿ ನಿಂತ ನನ್ನನ್ನು ಚಾಚಾ ಗುರುತು ಹಿಡಿದದ್ದು ದನಿಯಿಂದ. ಕಣ್ಣು ಮಂಜಾಗಿದೆ. ಕಲ್ಲುದೋಣಿಯ ಮೇಲಿನ ಗೋಡೆಗೆ ಅಂದು ಮುರಿದ ಪಟ್ಟಿಯ ಎರಡೂ ತುಂಡು ತಂತಿಯಲ್ಲಿ ತೂಗುಹಾಕಿದ್ದಾರೆ, ಕೈ ನೀರಿಗೆ ಹೋಗುವ ದಾರಿಯಲ್ಲೇ, ತಲೆಗೆ ತಾಗುವಂತೆ. ನಾನು ಚೀಲದಿಂದ ಪಟ್ಟಿ ತೆಗೆದುಕೊಟ್ಟೆ. ಹೆಬ್ಬೆರಳನ್ನು ಉದ್ದಕ್ಕೂ ಆಡಿಸಿದರು, ತೂತುಗಳ ಒಳಗೆ ಕಿರುಬೆರಳು ತಿರುವಿದರು. ಆಮೇಲೆ ಪರಸಿಯ ಮೇಲೆ ಇಟ್ಟರು.

“ನೀನs ನೋಡು ಬೇಟಿ. ನನಗ ಈಗ ಬೆಳಕು ಕಾಣಂಗಿಲ್ಲ.”

ಕೆನ್ನೆ ಕಲ್ಲಿಗೆ ಇಟ್ಟೆ. ಅದೇ ತಂಪು. ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬೆಳಕಿತ್ತು. ಇದ್ದದ್ದನ್ನು ಹೇಳಿದೆ.

“ಒಂದ್ ಕೂದಲಾ? ಎಷ್ಟ್ ಸಲ ದಾಟೇದ?”

“ನಲವತ್ತೆಂಟು.”

“ಹೋಗೋದಷ್ಟೇ ಎಣಿಸಿದೇನ?”

“ಬರೋದೂ ಎಣಿಸೇನ್ರಿ.”

ಅವರು ತಲೆಯಾಡಿಸಿ, ಸುತ್ತಿಗೆ ತೆಗೆದುಕೊಂಡು, ನನ್ನ ಬೆರಳನ್ನು ಆ ಜಾಗದ ಮೇಲೆ ಇಡಿಸಿ, ಬೆರಳು ತೆಗೆದೊಡನೆ ಅಲ್ಲಿಗೇ ಎರಡು ಸಲ ಮುಟ್ಟಿದರು. “ಈಗ ನೋಡು.”

ನೋಡಿದೆ. ಪಟ್ಟಿಗೂ ಕಲ್ಲಿಗೂ ನಡುವೆ ಬರೀ ಕಪ್ಪು.

“ಬೆಳಕಿಲ್ಲ ಚಾಚಾ.”

ಅವರು ಪಟ್ಟಿಯನ್ನು ಎಣ್ಣೆಯ ಅರಿವೆಯಿಂದ ಒರೆಸಿ ನನ್ನ ಕೈಗಿಟ್ಟರು.

“ಹಂಗಾದ್ರ ಏಳು, ರೈಲು ಹಿಡಿ. ಇವತ್ತ ಮಂಗಳವಾರ, ಗುರುವಾರಕ್ಕ ಒಂದs ದಿನ ಅದ.”